ಹನ್ನೆರಡು ವರ್ಷದ ಬೂದಿ

"ಗುರುಗಳೇ, ಹನ್ನೊಂದು ತಿಂಗಳ ಮೌನ ಒಂದೇ ಒಂದು ಕೂಗಿಗೆ ಹೋಯಿತು. ಮಾಡಿದ್ದೆಲ್ಲ ವ್ಯರ್ಥವೇ?" ಎಂದು ಸೋಮಗಿರಿ ಕೇಳಿದ.

ಅವನು ಒಂದು ವರ್ಷ ಮಾತಾಡುವುದಿಲ್ಲವೆಂದು ವ್ರತ ಹಿಡಿದಿದ್ದ. ಹಿಂದಿನ ದಿನ, ಗುರುಶಿಷ್ಯರಿದ್ದ ಗುಹೆಯ ಕೆಳಗಿನ ಇಳಿಜಾರಿನಲ್ಲಿ ಒಬ್ಬ ಮುದುಕ ಆಡು ಮೇಯಿಸುತ್ತಿದ್ದ. ಮುದುಕನ ಮೇಲುಗಡೆ ಕಲ್ಲುಗಳು ಜಾರುವುದನ್ನು ಕಂಡು ಸೋಮಗಿರಿ "ಓಡು!" ಎಂದು ಕೂಗಿಬಿಟ್ಟ. ಮುದುಕ ಉಳಿದ, ವ್ರತ ಉಳಿಯಲಿಲ್ಲ. ಆಗಿನಿಂದ ಸೋಮಗಿರಿ ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಿದ್ದ.

ಗುರುಗಳು ಕೆಂಡದ ಮೇಲಿಂದ ಒಂದು ಜವೆಗೋಧಿಯ ರೊಟ್ಟಿ ತೆಗೆದು ಅವನ ತಟ್ಟೆಗೆ ಹಾಕಿದರು. ಅವನು ಅದನ್ನು ಮುಟ್ಟಲಿಲ್ಲ.

"ಬೇಡವೋ? ಸರಿ ಬಿಡು ಮಾರಾಯ. ಕತೆಯನ್ನಾದರೂ ಕೇಳು" ಎಂದು ಗುರುಗಳು ಹೇಳತೊಡಗಿದರು.

ಇಂಥದೇ ಒಂದು ಬೆಟ್ಟದ ನಾಡು. ಅಲ್ಲಿ ಒಬ್ಬ ರೈತ ಹೆಂಗಸು ಇದ್ದಳು. ಗಂಡ ತೀರಿಕೊಂಡಿದ್ದ. ಎರಡು ಚಿಕ್ಕ ಮಕ್ಕಳು, ಬೆಟ್ಟದ ಬದಿಯಲ್ಲಿ ಅಂಗೈಯಗಲದ ಒಂದು ಹೊಲ, ಅಷ್ಟೇ ಅವಳ ಸಂಸಾರ. ವರ್ಷದಲ್ಲಿ ಏಳು ತಿಂಗಳು ಆ ಹೊಲ ಹಿಮದ ಕೆಳಗಿರುತ್ತಿತ್ತು. ಹಿಮ ತಾನಾಗಿ ಕರಗಲಿ ಎಂದು ಕಾದರೆ ಬಿತ್ತನೆ ತಡವಾಗುತ್ತದೆ. ಬಿತ್ತನೆ ತಡವಾದರೆ ಕಾಳು ಬಲಿಯುವ ಮೊದಲೇ ಮತ್ತೆ ಹಿಮ ಬೀಳುತ್ತದೆ. ಅದಕ್ಕೆ ಆ ಊರಿನವರು ಒಂದು ಉಪಾಯ ಮಾಡಿಕೊಂಡಿದ್ದರು. ಚಳಿಗಾಲವಿಡೀ ಒಲೆಯ ಬೂದಿಯನ್ನು ಕೂಡಿಡುತ್ತಿದ್ದರು. ಬಿಸಿಲು ಏರತೊಡಗಿದ ಕೂಡಲೇ ಅದನ್ನು ಹೊಲದ ಹಿಮದ ಮೇಲೆ ಎರಚುತ್ತಿದ್ದರು. ಬೂದಿ ಬಿದ್ದ ಹಿಮ ಬಿಸಿಲನ್ನು ಹೀರಿಕೊಂಡು ಬೇಗ ಕರಗುತ್ತದೆ. ಓದು ಬರಹ ಬಾರದ ಜನ, ಆದರೂ ಎಂಥ ಬುದ್ಧಿ ನೋಡು!

ಆ ವರ್ಷ ಬೆಟ್ಟದಿಂದ ಹಿಮ ಕುಸಿದು ಅವಳು ಬೂದಿ ಕೂಡಿಟ್ಟ ಕೊಟ್ಟಿಗೆಯನ್ನು ಕಣಿವೆಗೆ ತಳ್ಳಿತು. ಪುಣ್ಯಕ್ಕೆ ಮನೆ ಉಳಿಯಿತು. ನೆರೆಹೊರೆಯವರ ಹತ್ತಿರ ಇದ್ದ ಬೂದಿ ಅವರವರ ಹೊಲಕ್ಕೇ ಸಾಲದು. ಆದರೂ ಒಬ್ಬೊಬ್ಬರು ಒಂದೊಂದು ಬೊಗಸೆ ಕೊಟ್ಟರು. ಅದು ಹೊಲದ ಒಂದು ಮೂಲೆಗೂ ಆಗಲಿಲ್ಲ. ಮಣ್ಣು ತಂದು ಹಾಕೋಣವೆಂದರೆ ಕಣ್ಣು ಹಾಯಿಸಿದಲ್ಲೆಲ್ಲ ಹಿಮವೇ. ಹತ್ತು ದಿನದೊಳಗೆ ನೆಲ ಕಾಣದಿದ್ದರೆ ಮುಂದಿನ ಚಳಿಗಾಲಕ್ಕೆ ಮಕ್ಕಳಿಗೆ ಹಿಟ್ಟಿಲ್ಲ.

ಊರಿನಿಂದ ಅರ್ಧ ದಿನ ಏರಿದರೆ ಒಂದು ಗುಹೆ. ಅಲ್ಲೊಬ್ಬ ಸಾಧು. ಮಹಾ ಮುಂಗೋಪಿ, ಅವನ ವಿಷಯ ನನಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷ ಧುನಿಯ ಕುಂಡದಲ್ಲಿ ಬೆಂಕಿ ಆರದಂತೆ ಕಾಯುತ್ತೇನೆ, ಅದರ ಬೂದಿಯನ್ನೆಲ್ಲ ಹೊತ್ತು ಶಿಖರದ ಮೇಲಿನ ಶಿವಲಿಂಗಕ್ಕೆ ಅರ್ಪಿಸುತ್ತೇನೆ ಎಂದು ಅವನ ವ್ರತ. ಹನ್ನೆರಡು ವರ್ಷ ತುಂಬಿತ್ತು. ಜರಡಿ ಹಿಡಿದ ಬೂದಿ ಆರು ಚೀಲವಾಗಿತ್ತು. ಶಿಖರದ ದಾರಿ ತೆರೆದಿರುವುದು ವರ್ಷಕ್ಕೆ ಹತ್ತು ದಿನ ಮಾತ್ರ. ಹಿಮ ಗಟ್ಟಿಯಾಗಿರುವಾಗಲೇ ಹತ್ತಿ ಇಳಿಯಬೇಕು. ಮೆತ್ತಗಾದರೆ ಕಾಲಡಿಯಲ್ಲೇ ಬಿರುಕು ಬಾಯಿಬಿಡುತ್ತದೆ.

ಹೆಂಗಸು ಬೆನ್ನಿಗೆ ಖಾಲಿ ಬುಟ್ಟಿ ಹಾಕಿಕೊಂಡು ಏರತೊಡಗಿದಳು. ಆ ಬೂದಿಯನ್ನು ಚಿಟಿಕೆಗಿಂತ ಹೆಚ್ಚು ಕೇಳಿದವರು ಊರಿನಲ್ಲಿ ಯಾರೂ ಇಲ್ಲ. ಸಾಧು ಶಾಪ ಹಾಕಿದರೆ? ಹಾಕಲಿ, ಹಾಕಿದರೆ ನನಗೆ ತಾನೇ, ಮಕ್ಕಳಿಗಲ್ಲವಲ್ಲ ಎಂದುಕೊಂಡಳು. ಎರಡು ಕಡೆ ಜಾರಿ ಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಗುಹೆ ಮುಟ್ಟಿದಳು.

ಸಾಧು ಚೀಲಗಳನ್ನು ಹೊರಗಿಟ್ಟು ಹಗ್ಗ ಬಿಗಿಯುತ್ತಿದ್ದ. ಮರುದಿನ ಹೊರಡುವ ಸಂಭ್ರಮ. ಅವಳು ಮಂಡಿಯೂರಿ ಕೈಮುಗಿದಳು. ಅವನು ಧುನಿಯಿಂದ ಒಂದು ಚಿಟಿಕೆ ಬೂದಿ ತೆಗೆದು ಹೆಬ್ಬೆರಳಿನಿಂದ ಅವಳ ಹಣೆಗೆ ಎಳೆದ. ಅವಳು ಏಳಲಿಲ್ಲ. ಬುಟ್ಟಿಯನ್ನು ಮುಂದಕ್ಕಿಟ್ಟಳು.

"ಇದರ ತುಂಬಾ ಬೇಕಿತ್ತು ಸ್ವಾಮಿ. ಇಂಥ ಆರೇಳು ಬುಟ್ಟಿ. ಹೊಲಕ್ಕೆ ಎರಚಬೇಕು."

ಸಾಧುವಿಗೆ ಮೈಯೆಲ್ಲ ಉರಿದುಹೋಯಿತು. "ಹಣೆಗೆ ಹಚ್ಚುವುದನ್ನು ನೆಲಕ್ಕೆ ಎರಚುತ್ತೀಯಾ? ತಲೆ ನೆಟ್ಟಗಿದೆಯೇ ನಿನಗೆ?"

"ಹಣೆಯ ಮೇಲೆ ಹಿಮ ಬಿದ್ದಿಲ್ಲವಲ್ಲ ಸ್ವಾಮಿ, ಬಿದ್ದಿರುವುದು ಹೊಲದ ಮೇಲೆ" ಎಂದಳು. ಅಂದುಬಿಟ್ಟು, ಅಯ್ಯೋ ಏನಂದೆ ಎಂದು ನಾಲಿಗೆ ಕಚ್ಚಿಕೊಂಡಳು.

ಸಾಧು ಕೈ ಎತ್ತಿದ. ಇನ್ನೇನು ಶಾಪ ಬಂತು ಎಂದು ಅವಳು ಕಣ್ಣು ಮುಚ್ಚಿದಳು. ಶಾಪ ಬರಲಿಲ್ಲ. ಸಾಧು ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ. ಬೂದಿ ಹಚ್ಚುವಾಗ ಆ ಬೆರಳು ಅವಳ ಹಣೆಯ ಮೇಲೆ ಒಂದು ತಗ್ಗಿಗೆ ಇಳಿದಿತ್ತು. ಅವನು ಬಗ್ಗಿ ನೋಡಿದ. ಈ ಕಿವಿಯ ಮೇಲಿನಿಂದ ಆ ಕಿವಿಯ ಮೇಲಕ್ಕೆ, ನೇಗಿಲು ಎಳೆದ ಸಾಲಿನಂತೆ ಒಂದು ಗೆರೆ.

"ಹಣೆಗೆ ಏನಾಯಿತು?" ಎಂದು ಕೇಳಿದ.

"ಹೊರೆಯ ಪಟ್ಟಿಯ ಗುರುತು ಸ್ವಾಮಿ. ನಿಮ್ಮ ಧುನಿಗೆ ಸೌದೆ ತಂದು ಹಾಕುತ್ತೇವಲ್ಲ."

ಆ ನಾಡಿನಲ್ಲಿ ಹೊರೆಯನ್ನು ಬೆನ್ನಿಗೆ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುತ್ತಾರೆ. ಗುಹೆಯ ಎತ್ತರದಲ್ಲಿ ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಆದರೂ ದಿನಾ ಬೆಳಿಗ್ಗೆ ಧ್ಯಾನ ಮುಗಿಸಿ ಕಣ್ಣು ತೆರೆದರೆ ಬಾಗಿಲಲ್ಲಿ ಸೌದೆ ಇರುತ್ತಿತ್ತು. ಊರಿನವರು ಸರದಿಯ ಮೇಲೆ ಹೊತ್ತು ತಂದಿಟ್ಟು, ಸಾಧುವಿಗೆ ತೊಂದರೆಯಾಗದಂತೆ ಸದ್ದಿಲ್ಲದೆ ಇಳಿದುಹೋಗುತ್ತಿದ್ದರು. ಈ ಸೌದೆ ಎಲ್ಲಿಂದ ಬರುತ್ತದೆ ಎಂದು ಹನ್ನೆರಡು ವರ್ಷದಲ್ಲಿ ಆ ಮಹಾನುಭಾವ ಒಂದು ದಿನವೂ ಕೇಳಿರಲಿಲ್ಲ.

ಸಾಧು ಒಂದು ಚೀಲವನ್ನು ಬೆನ್ನಿಗೆ ಹಾಕಿಕೊಂಡು ಊರಿನ ಕಡೆ ತಿರುಗಿದ. ಪಟ್ಟಿಯನ್ನು ಹಣೆಗೆ ಹೇಗೆ ಕೊಡಬೇಕೋ ಪಾಪ ಗೊತ್ತಿರಲಿಲ್ಲ. ಹೆಂಗಸೇ ಮುಂದೆ ಬಂದು, "ಅಷ್ಟು ಕೆಳಗಲ್ಲ ಸ್ವಾಮಿ, ಕಣ್ಣಿಗೆ ಬಂದೀತು" ಎಂದು ಮಗುವಿಗೆ ಟೋಪಿ ಹಾಕುವಂತೆ ಸರಿಮಾಡಿದಳು. ಮೂರು ದಿನ ಇಬ್ಬರೂ ಹತ್ತಿದರು, ಇಳಿದರು. ಆರು ಚೀಲವೂ ಹೊಲದ ಮೇಲೆ ಬಿತ್ತು.

ಮಾರನೆಯ ದಿನ ಅದರ ಮೇಲೆ ಹೊಸ ಹಿಮ ಉದುರಿತು. ಹೆಂಗಸು ತಲೆ ಮೇಲೆ ಕೈಹೊತ್ತು ಅತ್ತಳು. ಮಧ್ಯಾಹ್ನದ ಬಿಸಿಲಿಗೆ ಅದು ಕರಗಿ ಬೂದಿ ಮತ್ತೆ ಕಾಣಿಸಿತು. ಏಳನೆಯ ದಿನ ಒಂದು ಮೂಲೆಯಲ್ಲಿ ಕಪ್ಪು ಮಣ್ಣು ಎದ್ದಿತು. ಒಂಬತ್ತನೆಯ ದಿನ ಅವಳು ಬಿತ್ತಿದಳು. ಶಿಖರದ ದಾರಿ ಬಿರುಕುಬಿಟ್ಟದ್ದೂ ಅದೇ ದಿನ. ಸಾಧು ಹೊಲದ ಬದುವಿನ ಮೇಲೆ ಕೂತು ಶಿಖರವನ್ನು ನೋಡುತ್ತಿದ್ದ. ಕಣ್ಣಲ್ಲಿ ನೀರು ಬಂತು. ಬರದೆ ಇರುತ್ತದೆಯೇ? ಹೆಂಗಸು ಬಂದು ಅವನ ಪಕ್ಕದಲ್ಲಿ ಕೂತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಮರುವರ್ಷವಾದರೂ ಶಿಖರಕ್ಕೆ ಹೋದರೇ?" ಎಂದು ಸೋಮಗಿರಿ ಕೇಳಿದ.

"ಎಲ್ಲಿಯ ಮರುವರ್ಷ! ಆ ಹೊರೆಗೆ ಮಂಡಿಯೇ ಹೋಯಿತು" ಎನ್ನುತ್ತ ಗುರುಗಳು ತಮ್ಮ ಕಾಲನ್ನು ಮೆಲ್ಲಗೆ ಚಾಚಿ ಮಂಡಿ ನೀವಿಕೊಂಡರು.

ಸೋಮಗಿರಿ ಆ ಮಂಡಿಯನ್ನೇ ನೋಡಿದ. ಸಾಧು ಯಾರೆಂದು ಅವನಿಗೆ ತಿಳಿಯಿತು.

"ಹಾಗಾದರೆ ನಿಮ್ಮ ಹನ್ನೆರಡು ವರ್ಷದ ಬೂದಿ ವ್ಯರ್ಥವಾಗಿ ಹೋಯಿತಲ್ಲ ಗುರುಗಳೇ" ಎಂದ.

ಗುರುಗಳು ರೊಟ್ಟಿಯ ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದರು.

"ಆ ಹೊಲದ ಜವೆಗೋಧಿಯೇ ಅದು, ಹನ್ನೆರಡು ವರ್ಷದ ಬೂದಿ ನಿನ್ನ ತಟ್ಟೆಯಲ್ಲಿ ತಣ್ಣಗಾಗುತ್ತಿದೆ, ತಿನ್ನು."