ತಾಳ ನಿಲ್ಲಿಸಿದ ಪುಟ್ಟಮಾದಯ್ಯ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಚಿಕ್ಕಬೋರಯ್ಯನವರು. ಸೋಮವಾರದ ಭಜನೆ ಮುಗಿದು ಕಡಲೆ ಗುಗ್ಗರಿ ಕೈಗೆ ಬರುವ ತನಕ ಮಕ್ಕಳು ಗಲಾಟೆ ಮಾಡಬಾರದೆಂದು ಹೇಳುತ್ತಿದ್ದರು. ಗುಗ್ಗರಿ ಬಂದರೂ ನಾವು ಏಳುತ್ತಿರಲಿಲ್ಲ. ನಮ್ಮ ದೇವರು ಮಾದಪ್ಪನನ್ನು ನೆನೆದು, ಅವರು ಹೇಳಿದ ಹಾಗೆಯೇ ಹೇಳುತ್ತೇನೆ. ಎಲ್ಲಾದರೂ ಹೆಚ್ಚಾಗಿದ್ದರೆ ಅದು ಅವರ ಕಾಲದಲ್ಲೇ ಹೆಚ್ಚಾದದ್ದು.

ಬಹಳ ಹಿಂದೆ, ಹಾಲುಗೊಂಡನಹಳ್ಳಿ ಅಂತ ಒಂದೂರು. ಆ ಊರಿನಲ್ಲಿ ಪುಟ್ಟಮಾದಯ್ಯ ಅಂತ ಒಬ್ಬನಿದ್ದನಂತೆ. ಕೋಲಾಟಕ್ಕೆ ತಾಳ ಹಾಕುವವನು. ಅವನು ತಾಳ ಹಾಕಿದರೆ ಆಚೆ ಹೊಲದಲ್ಲಿ ಉಳುವ ಎತ್ತುಗಳು ಹೆಜ್ಜೆ ಬದಲಿಸುತ್ತಿದ್ದವಂತೆ. ತೊಟ್ಟಿಲಲ್ಲಿ ಅಳುವ ಕೂಸು ತಾಳಕ್ಕೆ ಸರಿಯಾಗಿ ಅಳುತ್ತಿತ್ತಂತೆ. ಹಾಗಂತ ಹೇಳುತ್ತಾರೆ.

ಊರಿಗೆಲ್ಲ ಒಂದೇ ಕಾರು, ಪಟೇಲ ದೊಡ್ಡತಿಮ್ಮೇಗೌಡರದು. ಅದನ್ನು ಓಡಿಸುವವನೂ ಪುಟ್ಟಮಾದಯ್ಯನೇ. ಗೌಡರಿಗೆ ಕಾರೆಂದರೆ ಪ್ರಾಣ. ದಿನಾ ಬೆಳಿಗ್ಗೆ ಅದರ ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ, ಮಿರಮಿರ ಉಜ್ಜಿ, ಹಣೆಗೆ ವಿಭೂತಿ ಬಳಿದು ಕೈಮುಗಿಯುತ್ತಿದ್ದರಂತೆ. ಆದರೆ ಒಳಗೆ ಎಂಜಿನ್ನಿನ ಆಯಿಲ್ ಮಾತ್ರ ಬದಲಿಸಲು ಬಿಡರು. ಅದು ಕಪ್ಪಾಗಿ, ಗಸಿಯಾಗಿ, ತಳ ಕಂಡಿತ್ತು. ಕೇಳಿದರೆ, “ಒಳಗಿರೋದ್ನ ಯಾರು ನೋಡ್ತಾರ್ಲಾ?” ಅನ್ನುತ್ತಿದ್ದರಂತೆ.

ಯಾರೂ ನೋಡಲಿಲ್ಲ ನಿಜ, ಆದರೆ ಎಲ್ಲರಿಗೂ ಕೇಳಿಸತೊಡಗಿತು. ಬೆಳಗಿನ ಚಳಿಯಲ್ಲಿ ಕಾರು ಸ್ಟಾರ್ಟ್ ಮಾಡಿದರೆ ಮುಂದಿನಿಂದ ಜಣ ಜಣ ಜಣ. ಆಯಿಲ್ ಸಾಲದೆ ಎಂಜಿನ್ನಿನೊಳಗಿನ ಟೈಮಿಂಗ್ ಚೈನು ಸವೆದು ಸಡಿಲವಾಗಿದೆ ಎಂದು ಪುಟ್ಟಮಾದಯ್ಯನಿಗೆ ತಿಳಿಯಿತು. ಗೌಡರು ಮಾತ್ರ ಕಿವಿಗೊಟ್ಟು ಕೇಳಿ ಹಿಗ್ಗಿಬಿಟ್ಟರು.

“ಗೆಜ್ಜೆ ಕಣ್ಲಾ! ನನ್ನ ಕಾರಿಗೆ ಕಾಲ್ಗೆಜ್ಜೆ ಬಂದದೆ!”

ಅದೇ ಸಮಯಕ್ಕೆ ಪುಟ್ಟಮಾದಯ್ಯನ ಮಗಳು ಹೊಂಬಾಳೆಗೆ ಕಲ್ಲುಬಾವಿ ಅನ್ನುವ ಊರಿನ ಕಡೆ ಸಂಬಂಧ ಕೂಡಿತು. ವೀಳ್ಯ ಬದಲಿಸುವಾಗ ಇವನು ಎದೆಯುಬ್ಬಿಸಿ, ನನ್ನ ಮಗಳು ಎತ್ತಿನ ಗಾಡಿಯಲ್ಲಿ ಬರುವವಳಲ್ಲ, ಕಾರಿನಲ್ಲೇ ಬರುತ್ತಾಳೆ ಅಂದುಬಿಟ್ಟನಂತೆ. ಗಂಡಿನ ಅಜ್ಜಿ ತಿಬ್ಬಮ್ಮ ಆ ಮಾತನ್ನು ಹಿಡಿದುಕೊಂಡಳು. “ಸರಿ ಕಣಪ್ಪ. ಕಾರಲ್ಲಿ ಬಂದ್ರೆ ಆರತಿ ಎತ್ತೀನಿ. ಗಾಡೀಲಿ ಬಂದ್ರೆ ಹಂಗೇ ತಿರುಗಿಸ್ಕೊಂಡು ಹೋಗು.”

ಗೌಡರು ಕಾರು ಕೊಡಲು ಸಂತೋಷದಿಂದ ಒಪ್ಪಿದರು. ಆದರೆ ಕಲ್ಲುಬಾವಿಯ ದಾರಿಯೆಲ್ಲ ಏರು. ಚೈನು ತಡೆಯುವುದಿಲ್ಲ, ಮಗಳ ಮದುವೆ ನಡುದಾರಿಯಲ್ಲೇ ಮುರಿಯುತ್ತದೆ ಎಂದು ಪುಟ್ಟಮಾದಯ್ಯನಿಗೆ ಅನ್ನ ಸೇರದಾಯಿತು. ಹೆಂಡತಿ ಸಾಕಮ್ಮ ಸುಮ್ಮನಿರಲಿಲ್ಲ. “ಊರಿಗೆಲ್ಲ ತಾಳ ಹಾಕ್ತೀಯ, ನಿನ್ನ ನಾಲಿಗೆಗೊಂದು ತಾಳ ಬ್ಯಾಡ್ವಾ?”

ಚೈನು ಸವೆದಿದೆ, ಎಂಜಿನ್ನು ಬಿಚ್ಚಿಸೋಣ ಎಂದು ಪುಟ್ಟಮಾದಯ್ಯ ಗೌಡರ ಕಾಲು ಹಿಡಿದ. “ಮೇಯೋ ಹಸೀನ ಹೊಟ್ಟೆ ಬಗೀತಾರೇನ್ಲಾ?” ಎಂದು ಗೌಡರು ಗದರಿಸಿ ಕಳಿಸಿದರು.

ಆ ಹುಣ್ಣಿಮೆ, ಹೊತ್ತು ಮುಳುಗುವಾಗ, ಮಾರಮ್ಮನ ಗುಡಿ ಮುಂದೆ ಕೋಲಾಟ. ಒಳಸುತ್ತು, ಹೊರಸುತ್ತು, ಎರಡು ಸುತ್ತು. ಗೌಡರು ಹೊರಸುತ್ತಿನಲ್ಲಿ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಪುಟ್ಟಮಾದಯ್ಯ ತಾಳ ಏರಿಸಿದ, ಇನ್ನೂ ಏರಿಸಿದ, ಕಾಲುಗಳು ನೆಲ ಮುಟ್ಟಿದ್ದೇ ಕಾಣದ ಹಾಗೆ ಏರಿಸಿ, ಮನಸ್ಸಿನಲ್ಲೇ ಮಾರಮ್ಮನಿಗೆ ತಪ್ಪೊಪ್ಪಿಕೊಂಡು, ತಟ್ಟನೆ ತಾಳ ನಿಲ್ಲಿಸಿಬಿಟ್ಟನಂತೆ!

ಹೊರಸುತ್ತಿನವರು ಕೋಲೆತ್ತಿಕೊಂಡು ಕಂಬದ ಹಾಗೆ ನಿಂತರು. ಒಳಸುತ್ತಿನವರಿಗೆ ಕಾಲು ನಿಲ್ಲಲಿಲ್ಲ. ಓಡಿದ ರಭಸಕ್ಕೆ ಕೋಲು ಸಮೇತ ಇವರ ಮೇಲೆ ಬಿದ್ದರು. ಠಣ್, ಠಣ್, ಅಯ್ಯಯ್ಯಪ್ಪೋ! ಗೌಡರ ನೆತ್ತಿಯ ಮೇಲೆ ಬೇಲದ ಹಣ್ಣಿನಂಥ ಬುಗುಟೆ ಎದ್ದಿತು.

“ಗೌಡ್ರೇ,” ಅಂದನಂತೆ ಪುಟ್ಟಮಾದಯ್ಯ, “ಕಾರೊಳಗೂ ಇದೇ ಕೋಲಾಟ. ಒಳಸುತ್ತು ಪಿಸ್ಟನ್ನು, ಹೊರಸುತ್ತು ವಾಲ್ವು. ಇದು ಮ್ಯಾಲೆ ಬರೋ ಹೊತ್ಗೆ ಅದು ಸರಿದು ಜಾಗ ಬಿಡಬೇಕು. ತಾಳ ಹಾಕೋದು ಆ ಚೈನು. ಅದು ಕಿತ್ರೆ ವಾಲ್ವು ಇದ್ದಲ್ಲೇ ನಿಲ್ತದೆ, ಪಿಸ್ಟನ್ನು ಓಡಿ ಬಂದು ಗುದ್ತದೆ.”

“ಹಂಗಂತ ಬಾಯಲ್ಲಿ ಹೇಳಕ್ಕೇನಾಗಿತ್ತೋ ನಿಂಗೆ!”

“ಹೇಳಿದ್ನಲ್ಲ ಗೌಡ್ರೇ. ನಿಮಗೆ ಗೆಜ್ಜೆ ಕೇಳಿಸ್ತು.”

ಗೌಡರು ಒಪ್ಪಿದರು. ಬೆಳಗಾದ ಕೂಡಲೇ ಬಿಚ್ಚಿಸು ಅಂದರು. ಬೆಳಗೂ ಆಯಿತು. ಪಟ್ಟಣದಿಂದ ಕಾರು ರಿಪೇರಿಯ ಮೇಸ್ತ್ರಿಯೂ ಬಂದ. ಆದರೆ ಆಸೆ ಬಿಡಬೇಕಲ್ಲ! ಬಿಚ್ಚುವ ಮೊದಲು ಆ ಗೆಜ್ಜೆ ಒಂದೇ ಒಂದು ಸಲ ಕೇಳಿಬಿಡುತ್ತೇನೆ ಎಂದು ಗೌಡರೇ ಹತ್ತಿ ಕೂತು, ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಿದರಂತೆ. ಜಣ ಜಣ ಜಣ ಜಣ, ಫಟ್!

ಆಮೇಲೆ ಎಂಥ ಮೌನವೆಂದರೆ, ಊರಾಚೆ ಮೇಕೆ ಸೊಪ್ಪು ತಿನ್ನುವುದು ಕೇಳಿಸಿತಂತೆ. ಮತ್ತೆ ಕೀ ತಿರುಗಿಸಿದರೆ ಒಳಗೆ ಗಿರ್ರೆಂದು ಹಗುರವಾಗಿ ತಿರುಗಿತೇ ಹೊರತು ಎಂಜಿನ್ನು ಹತ್ತಲಿಲ್ಲ. ಮೇಸ್ತ್ರಿ ಬಿಚ್ಚಿ ನೋಡಿದ. ಚೈನು ಹಾವಿನ ಪೊರೆಯ ಹಾಗೆ ಸುರುಳಿಯಾಗಿ ಬಿದ್ದಿತ್ತು. ವಾಲ್ವುಗಳು ಕೊಕ್ಕೆಯ ಹಾಗೆ ಬಾಗಿದ್ದವು. ಮದುವೆಯೊಳಗೆ ಆಗುವ ಕೆಲಸವಲ್ಲ ಎಂದು ಕೈ ಒರೆಸಿಕೊಂಡು ಹೋದ.

ಮದುವೆ ದಿನ ಬುಗುಟೆ ಮುಚ್ಚುವ ಹಾಗೆ ರುಮಾಲು ಸುತ್ತಿ ಗೌಡರು ತಮ್ಮ ಎತ್ತುಗಳನ್ನೇ ತಂದು ಕಾರಿನ ಮುಂದೆ ಕಟ್ಟಿದರಂತೆ. ಸ್ಟೇರಿಂಗ್ ಹಿಡಿದವರು ಅವರೇ. ಹಿಂದೆ ಹೊಂಬಾಳೆ ಬಾಸಿಂಗ ಕಟ್ಟಿಕೊಂಡು ಕೂತಳು. ಪುಟ್ಟಮಾದಯ್ಯ ಬಾನೆಟ್ಟಿನ ಮೇಲೆ ಕೂತು ತಾಳ ಹಾಕಿದ. ಎತ್ತುಗಳು ಆ ತಾಳಕ್ಕೆ ಹೆಜ್ಜೆ ಹಾಕಿ ಏರನ್ನೆಲ್ಲ ಕುಣಿಯುತ್ತ ಹತ್ತಿದವಂತೆ.

ತಿಬ್ಬಮ್ಮಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಏನಪ್ಪಾ ಬೀಗ, ಇದು ಕಾರೋ ಗಾಡಿಯೋ?”

ಪುಟ್ಟಮಾದಯ್ಯ ಬಾನೆಟ್ಟಿನಿಂದ ಇಳಿದು ಎತ್ತುಗಳಿಗೆ ಅಡ್ಡ ನಿಂತ. ಆಗ ಹೊಂಬಾಳೆಯೇ ಕಿಟಕಿಯಿಂದ ಬಾಸಿಂಗದ ತಲೆ ಹೊರಗೆ ಹಾಕಿ, “ಒಳಗೆ ಬಂದು ಕೂತು ನೋಡಿ ಹೇಳಜ್ಜಿ. ಸೀಟು ಬೋ ಮೆತ್ತಗದೆ,” ಅಂದಳಂತೆ.

ಅಜ್ಜಿ ಹುಟ್ಟಿದಾಗಿನಿಂದ ಕಾರು ಹತ್ತಿದವಳಲ್ಲ. ಹತ್ತಿ ಕೂತಳು. ಒಂದು ಸಲ ಕುಪ್ಪಳಿಸಿದಳು. ಇನ್ನೊಂದು ಸಲ ಕುಪ್ಪಳಿಸಿದಳು. ಮುಹೂರ್ತ ಮೀರುತ್ತದೆ, ಇಳಿ ಅಂದರೆ ಇಳಿಯಲೊಲ್ಲಳು. “ಇದು ಕಾರೇ. ಹೂಂ, ಹೊಡೀರಿ ಚಪ್ಪರಕ್ಕೆ!” ಆರತಿ ತಟ್ಟೆಯನ್ನು ಕಿಟಕಿಯಿಂದ ತರಿಸಿಕೊಂಡು, ಕೂತಲ್ಲೇ ಮದುಮಗಳಿಗೆ ಎತ್ತಿದಳಂತೆ.

ಇವತ್ತಿಗೂ ಹಾಲುಗೊಂಡನಹಳ್ಳಿಯಲ್ಲಿ ಮದುಮಗಳ ಕಾರು ಎಷ್ಟೇ ಹೊಸದಾಗಿರಲಿ, ಊರ ಬಾಗಿಲ ತನಕ ಎತ್ತು ಕಟ್ಟಿ, ತಾಳ ಹಾಕಿಕೊಂಡು ಎಳೆಸುತ್ತಾರೆ. ಅಲ್ಲಿ ಎತ್ತು ಬಿಚ್ಚಿ ಎಂಜಿನ್ನು ಹಚ್ಚಿದಾಗ ವಾದ್ಯದವರೂ ಉಸಿರು ಹಿಡಿದು ನಿಲ್ಲುತ್ತಾರೆ. ಗೆಜ್ಜೆ ಸದ್ದು ಇಲ್ಲವೆಂದು ಖಾತ್ರಿಯಾದ ಮೇಲೇ ಸೋಬಾನೆ. ಪಟೇಲರ ಮನೆಯವರು ಕೋಲಾಟಕ್ಕೆ ನಿಂತರೆ ದಪ್ಪ ರುಮಾಲಿಲ್ಲದೆ ಹೆಜ್ಜೆ ಹಾಕುವುದಿಲ್ಲ.

ಕೇಳಿದಿರಲ್ಲ, ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಮನೆಯಲ್ಲಿ ಚಿಕ್ಕವರಿಗೆ ಹೇಳಿ. ಎತ್ತುಗಳ ಹೆಜ್ಜೆ ಮರೆತರೂ ಪರವಾಗಿಲ್ಲ, ಗೌಡರ ಬುಗುಟೆಯನ್ನು ಮಾತ್ರ ಬಿಡಬೇಡಿ. ನಮ್ಮ ಮಾವ ಅದನ್ನು ಬೇಲದ ಹಣ್ಣಿನಷ್ಟು ಅಂದರು. ನೀವು ತೆಂಗಿನಕಾಯಿಯಷ್ಟು ಅಂದರೂ ಮಾದಪ್ಪ ಮುನಿಯುವುದಿಲ್ಲ.