ಅವ್ವನ ಕಾಲಿನ ಬದಲು ತಿಪ್ಪೇಶಿ

ಒಬ್ಬಳು ಕುಂಬಾರಗಿತ್ತಿ. ಓಬಳಮ್ಮ ಅಂತ. ಅವಳಿಗೆ ಒಬ್ಬನೇ ಮಗ. ತಿಪ್ಪೇಶಿ ಅಂತ. ಮೀಸೆ ಬಂದಿತ್ತು. ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ.

ಓಬಳಮ್ಮ ಮಣ್ಣು ತುಳಿದರೆ ಕೇಳಬೇಡಿ. ಸಾಸಿವೆಯಷ್ಟು ಕಲ್ಲಿದ್ದರೂ ಅಂಗಾಲಿಗೆ ಗೊತ್ತಾಗುತ್ತಿತ್ತು. ತೆಗೆದು ಬಿಸಾಕುತ್ತಿದ್ದಳು. ಅವಳ ಗಡಿಗೆ ಸುಡುವಾಗ ಆವಿಗೆಯಲ್ಲಿ ಒಡೆದದ್ದೇ ಇಲ್ಲ.

ಆಮೇಲೆ ಒಡೆಯತೊಡಗಿದವು. ಇವತ್ತೊಂದು, ನಾಳೆಯೆರಡು. ಕಲ್ಲು ಕಾಲಿಗೆ ಸಿಗುತ್ತಿಲ್ಲ. ಹಗಲೆಲ್ಲ ಪಾದ ಮರದ ಹಾಗೆ ಜೋಮು. ಸಂಜೆಯಾದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ.

ಡಾಕ್ಟರಮ್ಮ ನೋಡಿದರು.

"ಸಕ್ಕರೆ ಕಾಯಿಲೆ ಓಬಳಮ್ಮ. ಕಾಲಿನ ನರಕ್ಕೆ ಇಳಿದಿದೆ. ಸಕ್ಕರೆಗೆ ಒಂದು ಮಾತ್ರೆ, ಉರಿಗೆ ಒಂದು ಮಾತ್ರೆ. ತಪ್ಪಿಸಬೇಡ. ಗಾಯವಾದರೆ ನಿನಗೆ ತಿಳಿಯಲ್ಲ. ಕೊಳೆತರೆ ಕಾಲೇ ಹೋಗುತ್ತೆ. ದಿನಾ ಅಂಗಾಲು ನೋಡಬೇಕು."

ಓಬಳಮ್ಮನಿಗೆ ಬಗ್ಗಲಾಗದು. ಮಗನಿಗೆ ಹೇಳಿದಳು. "ದಿನಾ ನನ್ನ ಅಂಗಾಲು ನೋಡಪ್ಪ."

"ಹೂಂ ಕಣವ್ವ!"

ನೋಡಿದ. ದಿನಾ ನೋಡಿದ. ಕಣ್ಣು ಮಿಟುಕಿಸದೆ ನೋಡಿದ. ಒಂದು ದಿನ ಚಾಪೆಯೆಲ್ಲ ರಕ್ತ. ಹಿಮ್ಮಡಿಯಲ್ಲಿ ಒಡೆದ ಗಡಿಗೆಯ ಚೂರು ಹೊಕ್ಕಿದೆ!

"ಲೋ, ನೀನು ನೋಡಲಿಲ್ಲವೇನೋ?"

"ನೋಡಿದೆನಲ್ಲವ್ವ. ಮೊನ್ನೆಯಿಂದ ನೋಡುತ್ತಿದ್ದೀನಿ."

"ಹೇಳಬಾರದೇನೋ ಮುಂಡೇದೆ!"

"ನೋಡು ಅಂದೆ, ನೋಡಿದೆ. ಹೇಳು ಅಂದೆಯಾ?"

ಓಬಳಮ್ಮ ಹಣೆ ಚಚ್ಚಿಕೊಂಡಳು. "ಇನ್ನು ಮೇಲೆ ಪಾದದಲ್ಲಿ ಕೆಂಪು ಕಂಡರೆ ಕೂಗು! ಊರಿಗೆಲ್ಲ ಕೇಳೋ ಹಾಗೆ ಕೂಗು!"

"ಹೂಂ ಕಣವ್ವ!"

ಗಾಯ ಹೇಗೋ ಒಣಗಿತು. ಅಷ್ಟರಲ್ಲಿ ಊರಲ್ಲಿ ಮದುವೆ. ಪೂಜೆಗಿಡುವ ಐರಾಣಿ ಕೊಡ ಕುಂಬಾರರ ಮನೆಯಿಂದಲೇ ಹೋಗಬೇಕು. ತಿಪ್ಪೇಶಿ ಹೊತ್ತುಕೊಂಡು ಹೋದ. ಹಸೆಮಣೆಯ ಮೇಲೆ ಮದುಮಗಳು. ಅಂಗಾಲ ತುಂಬ ಗೋರಂಟಿ. ಕೆಂಪೋ ಕೆಂಪು.

"ಅಯ್ಯಯ್ಯೋ! ಹುಡುಗಿ ಕಾಲು ಹೋಯಿತು! ಕೊಳೆತು ಹೋಯಿತು!"

ವಾಲಗ ನಿಂತಿತು. ಬೀಗರು ಎದ್ದರು. "ಕಾಯಿಲೆ ಹುಡುಗಿಯೇನ್ರೀ ಇವಳು?" ಮದುಮಗಳು ಕಾಲು ಚಾಚಿ, ತಿಕ್ಕಿ ತೋರಿಸಿದ ಮೇಲೇ ಬೀಗರು ಕುಳಿತದ್ದು. ತಿಪ್ಪೇಶಿಯನ್ನು ಕತ್ತು ಹಿಡಿದು ತಳ್ಳಿದರು. ಊಟವೂ ಇಲ್ಲ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಅಂದಳು ಓಬಳಮ್ಮ. "ಮೊದಲು ಮುಟ್ಟಿ ನೋಡಬೇಕಲ್ಲೋ. ಮುಟ್ಟು, ಆಮೇಲೆ ಕೂಗು!"

"ಹೂಂ ಕಣವ್ವ! ಮುಟ್ಟು, ಆಮೇಲೆ ಕೂಗು."

ಅವತ್ತು ಸಂಜೆ ಉರಿ ಜೋರಾಯಿತು. ಓಬಳಮ್ಮ ತಾಳಲಾರದೆ, "ಕಾಲಿಗೆ ಒಂದಿಷ್ಟು ಬಿಸಿನೀರು ಹೊಯ್ಯಪ್ಪ" ಅಂದಳು. ಕಾಯಿಸಿದ. ಕುದಿಯಿತು. ತಂದ. ಬೆರಳದ್ದಿ ಮುಟ್ಟಿದ.

"ಅಯ್ಯಯ್ಯಪ್ಪೋ!" ಕೂಗಿದ.

ಆಮೇಲೆ ಹೊಯ್ದ.

ಇಲ್ಲಿ ನಗಬೇಡಿ. ಓಬಳಮ್ಮ ಕೂಗಲಿಲ್ಲ. ಹಾಯಾಗಿ ಕುಳಿತೇ ಇದ್ದಳು. ಬೆಳಗ್ಗೆ ನೋಡಿದರೆ ಪಾದದ ಮೇಲೆ ನಿಂಬೆಹಣ್ಣಿನಷ್ಟು ಬೊಬ್ಬೆ.

ಡಾಕ್ಟರಮ್ಮ ಪಟ್ಟಿ ಕಟ್ಟುತ್ತ ಬೈದರು. "ಜೋಮು ಹಿಡಿದ ಕಾಲಿಗೆ ಬಿಸಿನೀರು ಹೊಯ್ಯುತ್ತಾರೇನೋ?"

"ಮುಟ್ಟಿದೆನಲ್ಲಮ್ಮ. ಕೂಗಿದೆನಲ್ಲ."

"ಏ ಪೆದ್ದ! ನಿಮ್ಮವ್ವನ ಕಾಲಿಗೆ ಬಾಯಿಲ್ಲ ಕಣೋ. ಅದರ ಬದಲು ನೀನೇ ಮಾತಾಡಬೇಕು. ಇನ್ನು ಮೇಲೆ ನಿನ್ನ ಕಾಲೇ ನಿಮ್ಮವ್ವನ ಕಾಲು ಅಂದುಕೋ!"

"ಹೂಂ ಕಣಮ್ಮ!"

ಬೊಬ್ಬೆ ಒಣಗುವವರೆಗೂ ಓಬಳಮ್ಮ ಮಣ್ಣಿಗಿಳಿಯಲಿಲ್ಲ. ಗಡಿಗೆ ಮಾಡುವ ತಿಗರಿ ತಿರುಗದೆ ಸುಮ್ಮನೆ ನಿಂತಿತ್ತು. ಕುಳಿತಲ್ಲೇ ಕೊರಗಿದಳು. ಕೊನೆಗೆ ಮಗನನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದಳು. "ಮಣ್ಣು ತುಳಿಯಲೇನಮ್ಮ?"

"ಪರೀಕ್ಷೆ ಮಾಡೋಣ. ಕಣ್ಣು ಮುಚ್ಚು. ಈ ನೂಲು ಕಾಲಿಗೆ ತಾಗಿದಾಗ ಹೂಂ ಅನ್ನು. ಗೊತ್ತಾದರೆ ಆಮೇಲೆ ಯೋಚಿಸೋಣ. ಗೊತ್ತಾಗದಿದ್ದರೆ ಬರಿಗಾಲಲ್ಲಿ ಮಣ್ಣಿಗೆ ಇಳಿಯಲೇಬಾರದು."

ಓಬಳಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಡಾಕ್ಟರಮ್ಮ ಬಗ್ಗಿ ಹೆಬ್ಬೆರಳಿಗೆ ನೂಲು ತಾಗಿಸಿದರು.

"ಹೂಂ!"

ಹಿಮ್ಮಡಿಗೆ ತಾಗಿಸಿದರು. "ಹೂಂ!"

ನಡು ಅಂಗಾಲಿಗೆ ತಾಗಿಸಿದರು. "ಹೂಂ! ಹಿಹ್ಹಿಹ್ಹಿ, ಕಚಗುಳಿ!"

ಡಾಕ್ಟರಮ್ಮ ತಲೆಯೆತ್ತಿದರು. ಓಬಳಮ್ಮ ತುಟಿ ಬಿಗಿದೇ ಕುಳಿತಿದ್ದಳು. ಮೆಲ್ಲಗೆ ಕೇಳಿದಳು.

"ಇನ್ನೂ ಶುರು ಮಾಡಲಿಲ್ಲವೇನಮ್ಮ?"

ಅವಳ ಬೆನ್ನ ಹಿಂದೆ ತಿಪ್ಪೇಶಿ ಇಣುಕುತ್ತಿದ್ದ. "ನೀವೇ ಅಂದಿರಲ್ಲಮ್ಮ, ಕಾಲಿನ ಬದಲು ನಾನೇ ಮಾತಾಡಬೇಕು ಅಂತ!"

ಡಾಕ್ಟರಮ್ಮನಿಗೆ ನಗು ಬಂತು. ಓಬಳಮ್ಮನ ಮುಖ ನೋಡಿ ನಗು ಹೋಯಿತು. ಒಂದು ಜೊತೆ ಮೆತ್ತನೆ ಚಪ್ಪಲಿ ಕೊಟ್ಟರು. "ನೋಡು ತಿಪ್ಪೇಶಿ. ಅವ್ವನ ಕಾಲು ಇನ್ನು ಮೇಲೆ ಚಪ್ಪಲಿ ಬಿಟ್ಟು ನೆಲಕ್ಕೆ ಇಳಿಯಬಾರದು. ಮಣ್ಣು ನೀನೇ ತುಳಿ. ಅವಳು ಕುಳಿತು ಗಡಿಗೆ ಮಾಡಲಿ."

"ಹೂಂ ಕಣಮ್ಮ!"

ಮಾರನೆಯ ದಿನ ತಿಪ್ಪೇಶಿ ತುಳಿದ. ಥಪ ಥಪ ತುಳಿದ. ಬೆವರು ಸುರಿಸಿ ತುಳಿದ. ಓಬಳಮ್ಮನಿಗೆ ಎಷ್ಟೋ ದಿನದ ಮೇಲೆ ಜೀವ ಬಂದಂತಾಯಿತು. ತಿಗರಿ ತಿರುಗಿಸಲು ಕುಳಿತಳು. ಹಿಡಿ ಮಣ್ಣು ತೆಗೆದಳು. ಕಲ್ಲು! ಇನ್ನೊಂದು ಹಿಡಿ. ಕಲ್ಲು!

"ಲೋ, ಕಾಲಿಗೆ ಕಲ್ಲು ಗೊತ್ತಾಗಲಿಲ್ಲವೇನೋ? ಎತ್ತು ಕಾಲು!"

ಎತ್ತಿದ. ಕೆಸರಿನಿಂದ ಪಚಕ್ ಅಂತ ಕಾಲು ಬಂತು. ಕಾಲಲ್ಲಿ ಓಬಳಮ್ಮನ ಮೆತ್ತನೆ ಚಪ್ಪಲಿ!

"ಅಯ್ಯೋ ನನ್ನ ಕರ್ಮವೇ! ಚಪ್ಪಲಿ ಮೆಟ್ಟಿಕೊಂಡು ಮಣ್ಣು ತುಳಿಯುತ್ತಾರೇನೋ? ಕಲ್ಲು ಹೇಗೋ ಗೊತ್ತಾಗುತ್ತೆ?"

ತಿಪ್ಪೇಶಿ ಅವಳನ್ನೇ ನೋಡಿದ. ಅವನಿಗೆ ಪಾಪ ಅನ್ನಿಸಿತು.

"ಇದು ನಿನ್ನ ಕಾಲಲ್ಲವೇನವ್ವ? ಇದಕ್ಕೆ ಗೊತ್ತಾಗಲ್ಲ!"