ಎಣ್ಣೆ ಒರೆಸುವ ಬಂಡೆ

ಕವಲುಗುಂಟೆಯಿಂದ ಪಡುವಲಕ್ಕೆ ಒಂದು ಹರಿದಾರಿ ನಡೆದರೆ ಬೋಳುಗುಡ್ಡದ ನೆತ್ತಿಯಲ್ಲಿ ಆನೆ ಮಲಗಿದಂಥ ಒಂದು ಬಂಡೆ ಸಿಗುತ್ತದೆ. ಅದರ ಮೂಡಣ ಮೈಯಲ್ಲಿ, ಕುಳಿತವನ ತಲೆಯೆತ್ತರಕ್ಕೆ, ಎಂಟು ಕಪ್ಪು ಜಿಡ್ಡಿನ ಕಲೆಗಳಿವೆ. ಏಳು ಒತ್ತೊತ್ತಾಗಿ, ಎಂಟನೆಯದು ಒಂದು ಮಾರು ದೂರದಲ್ಲಿ ಒಂಟಿಯಾಗಿ. ಬೇರೆ ಊರುಗಳಲ್ಲಿ ಜನ ಕಲ್ಲಿಗೆ ಎಣ್ಣೆ ಹಾಕಿ ಕೈಮುಗಿಯುತ್ತಾರೆ. ಇಲ್ಲಿಗೆ ಮಾತ್ರ ಒಣಬಟ್ಟೆ ಹಿಡಿದು ಬಂದು ಎಣ್ಣೆ ಒರೆಸುತ್ತಾರೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಬರುವವರೇ ಹೆಚ್ಚು. ಒರೆಸಿದ ಬಟ್ಟೆಯನ್ನು ಮನೆಗೆ ಒಯ್ಯುವಂತಿಲ್ಲ, ಪಕ್ಕದ ಕಾರೆಗಿಡದ ಮುಳ್ಳಿಗೆ ಸಿಕ್ಕಿಸಬೇಕು. ಗಾಳಿಗೆ ಅವೆಲ್ಲ ಪಟಪಟ ಬಡಿದುಕೊಳ್ಳುವಾಗ ನಡುಹಗಲಲ್ಲೂ ಅಲ್ಲಿ ಒಬ್ಬರೇ ನಿಲ್ಲಲು ಎದೆ ಗಟ್ಟಿಯಿರಬೇಕು.

ಹಿಂದೆ ಒಮ್ಮೆ, ಪಾಳೆಯಗಾರರು ಒಬ್ಬರನ್ನೊಬ್ಬರು ನುಂಗಿ ನೀರು ಕುಡಿಯುತ್ತಿದ್ದ ಕಾಲದಲ್ಲಿ, ಈ ಗುಡ್ಡದ ಮೇಲೆ ಒಂದು ದಂಡು ಬೀಡುಬಿಟ್ಟಿತ್ತು ಎನ್ನುತ್ತಾರೆ. ಯಾರ ದಂಡು ಎಂದು ಕೇಳಿದರೆ ಹತ್ತು ಬಾಯಲ್ಲಿ ಹತ್ತು ಹೆಸರು ಬರುತ್ತದೆ. ಸತ್ತವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಆ ದಂಡಿನಲ್ಲಿ ಫಿರಂಗಿ ಹಾರಿಸುವವರು ಕರಾವಳಿಯ ಕಿರಿಸ್ತಾನರು. ಅವರಿಗೆಂದು ಜೊತೆಯಲ್ಲಿ ಬಂದವನು ಜುಜೆ ಪಾದ್ರಿ, ನಮ್ಮವರ ಬಾಯಲ್ಲಿ ಜುಜಪ್ಪ. ಆತ ಕತ್ತಿ ಹಿಡಿದವನಲ್ಲ. ಗಾಯಾಳುಗಳ ಪಕ್ಕದಲ್ಲಿ ಕೂರುವುದು, ಅವರು ಹೇಳಿಕೊಂಡ ಪಾಪಗಳನ್ನು ಕೇಳಿ ಸಮಾಧಾನ ಹೇಳುವುದು, ಇನ್ನು ಉಳಿಯುವುದಿಲ್ಲ ಎನಿಸಿದವನ ಹಣೆಗೆ ಬೆಳ್ಳಿ ಕರಡಿಗೆಯ ಪವಿತ್ರ ಎಣ್ಣೆಯಿಂದ ಶಿಲುಬೆ ಬರೆದು ಕಳಿಸಿಕೊಡುವುದು, ಇಷ್ಟೇ ಅವನ ಕೆಲಸ. ದಿನ ಕಳೆದಂತೆ ದಂಡಿನಲ್ಲಿ ಗುಸುಗುಸು ಹುಟ್ಟಿತು: ಜುಜಪ್ಪನ ಎಣ್ಣೆ ಬಿದ್ದವನು ಒಬ್ಬನೂ ಎದ್ದಿಲ್ಲ. ಸಾಯುವವರಿಗೇ ಹಚ್ಚುವ ಎಣ್ಣೆ, ಸಾಯದೆ ಇನ್ನೇನು ಎಂದು ಪಾದ್ರಿ ಮೊದಮೊದಲು ನಕ್ಕನು. ಅವನ ಹೆಜ್ಜೆಯ ಸದ್ದಿಗೆ ಗಾಯಾಳುಗಳು ಮುಸುಕೆಳೆದುಕೊಳ್ಳತೊಡಗಿದಾಗ ಆ ನಗುವೂ ಉಡುಗಿತು.

ಇನಾಸ ಎಂಬ ಫಿರಂಗಿಯವನಿಗೆ ತೊಡೆಗೆ ಗುಂಡು ಬಿದ್ದಿತ್ತು. ಸಾಯುವಂಥ ಗಾಯವಲ್ಲ. ಆದರೆ ಅವನಿಗೆ ಎಣ್ಣೆಗಿಂತ ಎಣ್ಣೆಯಿಲ್ಲದೆ ಸತ್ತರೆ ಸದ್ಗತಿಯಿಲ್ಲ ಎಂಬ ಭಯವೇ ದೊಡ್ಡದಾಗಿ, ಅಳುತ್ತ ಪಾದ್ರಿಯ ಕಾಲು ಹಿಡಿದನು. ಬದುಕುವವನಿಗೆ ಇದನ್ನು ಹಚ್ಚಬಾರದೆಂದು ಜುಜಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಕರುಳು ಕೇಳದೆ ಹಚ್ಚಿಬಿಟ್ಟನು. ಮರುದಿನ ಮಧ್ಯಾಹ್ನ ಬಂದು ನೋಡಿದರೆ ಇನಾಸನ ತುಟಿ ಒಣಗಿ ಬಿರಿದಿದೆ, ಗಾಯದ ಕಟ್ಟು ನಿನ್ನೆಯದೇ, ಮೇಲೆ ನೊಣ ಮುತ್ತಿವೆ. ಪಕ್ಕದವನ ಕರಟದಲ್ಲಿ ನೀರಿದೆ, ಇವನದು ಬರಿದು. ಗಾಯಾಳುಗಳ ನೀರು, ಡೋಲಿ ಎಲ್ಲ ನೋಡಿಕೊಳ್ಳುತ್ತಿದ್ದ ಜಮಾದಾರ ಓಬನಾಯಕನನ್ನು ಪಾದ್ರಿ ತಡೆದು ಕೇಳಿದನು. ಓಬನಾಯಕ ಕೆಟ್ಟವನಲ್ಲ, ಪ್ರಶ್ನೆಯೇ ಅವನಿಗೆ ವಿಚಿತ್ರವಾಗಿ ಕಂಡಿತು.

"ಎಣ್ಣೆ ಹಚ್ಚಿದೋರಿಗೆ ನೀರ್ ಯಾಕ್ ಸ್ವಾಮಿ? ಇರೋ ನೀರು ಬದುಕೋರಿಗೇ ಸಾಲ್ದು. ಹಣೆಬರ ನೀವ್ ಬರೀತೀರಿ, ನಾವ್ ನೋಡ್ಕಂಡು ಮುಂದಕ್ಕೋಗ್ತೀವಿ."

ಜುಜಪ್ಪ ಮನಸ್ಸಿನಲ್ಲೇ ಎಣಿಸತೊಡಗಿದನು. ಈ ಒಂದು ತಿಂಗಳಲ್ಲಿ ತಾನು ಕಳಿಸಿಕೊಟ್ಟವರಲ್ಲಿ ಗಾಯದಿಂದ ಸತ್ತವರೆಷ್ಟು, ನೀರಿಲ್ಲದೆ ಸತ್ತವರೆಷ್ಟು? ಎಣ್ಣೆ ಹಚ್ಚಿದ ತನ್ನ ಹೆಬ್ಬೆರಳನ್ನು ನೋಡಿಕೊಂಡರೆ ಅವನಿಗೇ ಹೇಸಿಗೆಯಾಯಿತು. ಕೂತು ಅಳಲೂ ಬಿಡುವಿರಲಿಲ್ಲ. ವೈರಿಗಳು ತೆಂಕಣ ತಪ್ಪಲಿಗೆ ಬಂದರೆಂದು ನಗಾರಿ ಬಡಿಯಿತು, ದಂಡು ಗುಡ್ಡ ಇಳಿಯತೊಡಗಿತು. ಡೋಲಿಗಳೆಲ್ಲ ಬರಿಹಣೆಯವರಿಗೆ ಹೋದವು. ಬಂಡೆಯ ನೆರಳಲ್ಲಿ ಉಳಿದವರು ಎಣ್ಣೆಹಣೆಯ ಎಂಟು ಜನ, ಅವರಲ್ಲಿ ಇನಾಸ ಒಬ್ಬ. ಪಾದ್ರಿ ತನ್ನ ನಿಲುವಂಗಿಯ ಅಂಚಿನಿಂದ ಅವನ ಹಣೆಯನ್ನು ಚರ್ಮ ಕೆಂಪಾಗುವಷ್ಟು ಉಜ್ಜಿದನು. ಬಿಸಿಲಿಗೆ ಧೂಳು ಕೂತು ಕಪ್ಪಾಗಿದ್ದ ಶಿಲುಬೆ ಪೂರ್ತಿ ಹೋಗಲಿಲ್ಲ.

"ನೀವ್ ಬರ್ದಿದ್ದನ್ನ ನೀವೇ ಒರ್ಸಿದ್ರೆ ನಾನ್ ಯಾವುದನ್ನ ನಂಬ್ಲಿ?" ಎಂದನು ಓಬನಾಯಕ. "ಡೋಲಿ ಮುಗುದ್ವು ಸ್ವಾಮಿ. ನಿಮ್ ಕುದುರೆ ಐತೆ, ಹತ್ತಿ ಹೊರಡ್ರಿ."

ಜುಜಪ್ಪ ಕರಡಿಗೆ ತೆರೆದು ತನ್ನ ಹಣೆಗೇ ಶಿಲುಬೆ ಬರೆದುಕೊಂಡನು. ಪಾದ್ರಿಯಾದವನು ತನಗೆ ತಾನೇ ಈ ಎಣ್ಣೆ ಹಚ್ಚಿಕೊಳ್ಳುವ ಕ್ರಮ ಅವರಲ್ಲಿ ಇಲ್ಲವಂತೆ. "ಈಗ ನನ್ನ ಹಣೆಯನ್ನೂ ಓದು ನಾಯಕ. ಕುದುರೆ ಇವನಿಗೆ," ಎಂದನು.

ಓಬನಾಯಕ ಇನಾಸನನ್ನು ಕುದುರೆಗೆ ಹತ್ತಿಸಿ, ತನ್ನ ಹೆಗಲಲ್ಲಿದ್ದ ತೊಗಲಿನ ನೀರಿನ ಚೀಲವನ್ನು ಪಾದ್ರಿಯ ಕಾಲ ಬಳಿ ಇಟ್ಟು ಹೊರಟನು. ಇನಾಸ ತಿರುತಿರುಗಿ ನೋಡಿದನಂತೆ. ಜುಜಪ್ಪ ಒಬ್ಬೊಬ್ಬರ ಹಣೆಯ ಎಣ್ಣೆಯನ್ನು ಹೆಬ್ಬೆರಳಿನಿಂದ ಬಳಿದು ಬಂಡೆಗೆ ಒರೆಸುತ್ತಿದ್ದನು, ಒರೆಸಿದ ಮೇಲೆ ಬಾಯಿಗೆ ನೀರು ಬಿಡುತ್ತಿದ್ದನು. ಏಳೂ ಮುಗಿದ ಮೇಲೆ ದೂರ ಸರಿದು ಕುಳಿತು, ಬಂಡೆಗೆ ಹಣೆಯಾನಿಸಿದನು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಕುದುರೆ ಇಳಿಜಾರಿಗೆ ಹೊರಳಿತು, ಮುಂದಿನದನ್ನು ಕಂಡವರಿಲ್ಲ.

ಮೂರು ವರ್ಷದ ಮೇಲೆ ಇನಾಸ ಕುಂಟುತ್ತ ಗುಡ್ಡ ಹತ್ತಿ ಬಂದನು. ಒಂದು ಎಲುಬೂ ಸಿಗಲಿಲ್ಲ, ಎಂಟು ಕಲೆಗಳಿದ್ದವು. ತಲೆವಸ್ತ್ರ ಬಿಚ್ಚಿ ಏಳನ್ನು ಒರೆಸಿದನು, ಪಾದ್ರಿಯ ಒಂಟಿ ಕಲೆಯನ್ನು ಮುಟ್ಟದೆ ಬಿಟ್ಟನು. ಬೆಳಗಾಗುವಷ್ಟರಲ್ಲಿ ಮತ್ತೆ ಜಿಡ್ಡು ಜಿನುಗಿತ್ತು. ಈಗಲೂ ಹಾಗೆಯೇ, ಇಂದು ಒರೆಸಿದ್ದು ನಾಳೆಗೆ ಬೆವರುತ್ತದೆ ಎನ್ನುತ್ತಾರೆ. ಕವಲುಗುಂಟೆಯಲ್ಲಿ ಇಂದಿಗೂ ಕಾಯಿಲೆಯವರ ಹಣೆಗೆ ಯಾರೂ ಎಣ್ಣೆ ಮುಟ್ಟಿಸುವುದಿಲ್ಲ. ಜೀವ ಹೋಗುವವರೆಗೂ ಗಂಟೆಗೊಮ್ಮೆ ನೀರು ಬಿಡುತ್ತಾರೆ. ಗೊತ್ತಿಲ್ಲದೆ ಬಂದವರು ಯಾರಾದರೂ ಬಟ್ಟೆ ಹಿಡಿದು ಎಂಟನೆಯ ಕಲೆಯ ಹತ್ತಿರ ಹೋದರೆ, ಅಲ್ಲೇ ಕುರಿ ಮೇಯಿಸುವ ಮುದುಕಿಯರು ಕೂಗಿ ತಡೆಯುತ್ತಾರೆ:

"ಅದನ್ನ ಮುಟ್ಬ್ಯಾಡ್ರಪ್ಪೋ. ಅದು ಅವ್ನೇ ಹಚ್ಕಂಡಿದ್ದು."